ತೀವ್ರ ನಿಗಾ ಘಟಕದ ದಾದಿ ಗುರುವಾದ ಬಗೆ

ಆಸ್ಪತ್ರೆಯ ತೀವ್ರ ನಿಗಾ ಘಟಕ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಯಂತ್ರಗಳು: ಪರದೆಯ ಮೇಲೆ ಓಡುವ ಗೆರೆ, ಉಸಿರಾಟದ ಕೊಳವೆ, ಆಗಾಗ ಕೂಗುವ ಎಚ್ಚರಿಕೆಯ ಸದ್ದು. ಆ ಘಟಕದ ಬಾಗಿಲ ಹೊರಗೆ ರಾತ್ರಿ ಕಳೆದವರಿಗೆ ಇನ್ನೊಂದು ಸಂಗತಿಯೂ ಗೊತ್ತಿರುತ್ತದೆ. ವೈದ್ಯರು ಬಂದು ಹೋಗುತ್ತಾರೆ. ಇಡೀ ರಾತ್ರಿ ಹಾಸಿಗೆಯ ಪಕ್ಕದಲ್ಲಿರುವವರು ದಾದಿಯರು. ರೋಗಿಯ ಸ್ಥಿತಿ ಇದ್ದಕ್ಕಿದ್ದಂತೆ ಕೆಟ್ಟರೆ ಮೊದಲು ನೋಡುವವರು ಅವರೇ. ನೋಡಿದ ಮೇಲೆ ವೈದ್ಯರಿಗೆ ಹೇಳಿ ಕಳಿಸಿ ಕಾಯಬೇಕೆ, ತಾವೇ ಮುಂದಾಗಬೇಕೆ? 1960ರ ಸುಮಾರಿಗೆ ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುತ್ತಿದ್ದ ಉತ್ತರ, ಕಾಯಬೇಕು ಎಂಬುದು. ಆ ಉತ್ತರವನ್ನು ಬದಲಿಸಿದ್ದು ಶಿಕ್ಷಣ.

ಹೃದಯಾಘಾತವಾಗಿ ಆಸ್ಪತ್ರೆ ಸೇರಿದವರಲ್ಲಿ ನೂರಕ್ಕೆ ಸುಮಾರು 30 ಮಂದಿ ಆಗ ಅಲ್ಲೇ ಸಾಯುತ್ತಿದ್ದರು. ಅನೇಕರ ಪ್ರಾಣ ಹೋಗುತ್ತಿದ್ದುದು ಹೃದಯದ ಲಯ ತಪ್ಪಿ. ಹೃದಯದ ಕೆಳಕೋಣೆಗಳು ಒಟ್ಟಾಗಿ ಮಿಡಿಯುವುದನ್ನು ಬಿಟ್ಟು ಸುಮ್ಮನೆ ಅದುರತೊಡಗುತ್ತವೆ. ರಕ್ತ ಮುಂದೆ ಹರಿಯುವುದಿಲ್ಲ. ಮೂರು ನಾಲ್ಕು ನಿಮಿಷ ಕಳೆದರೆ ಮೆದುಳಿಗೆ ಪೆಟ್ಟು ಬೀಳುತ್ತದೆ. ಇದಕ್ಕೆ ಉಪಾಯ ಆ ವೇಳೆಗೆ ಸಿದ್ಧವಾಗಿತ್ತು. ಎದೆಯ ಹೊರಗಿನಿಂದಲೇ ವಿದ್ಯುತ್ ಆಘಾತ ಕೊಟ್ಟು ಲಯ ಸರಿಪಡಿಸಬಹುದೆಂದು ಬಾಸ್ಟನ್ನಿನ ವೈದ್ಯ ಪಾಲ್ ಜೋಲ್ 1956ರಲ್ಲಿ ತೋರಿಸಿದ್ದರು. ಅಂಗೈಯಿಂದ ಎದೆ ಒತ್ತಿ ರಕ್ತ ಹರಿಸುವ ಕ್ರಮವನ್ನು ಜಾನ್ಸ್ ಹಾಪ್ಕಿನ್ಸ್‌ನ ತಂಡ 1960ರಲ್ಲಿ ಪ್ರಕಟಿಸಿತ್ತು. ಇಂಥ ರೋಗಿಗಳನ್ನು ಒಂದೇ ಕಡೆ ಇರಿಸಿ ಸದಾ ಕಾಯಬೇಕೆಂದು ಎಡಿನ್‌ಬರೋದ ಡೆಸ್ಮಂಡ್ ಜೂಲಿಯನ್ 1961ರಲ್ಲಿ ಬರೆದರು. ಯಂತ್ರವೂ ಇತ್ತು, ವಿಧಾನವೂ ಇತ್ತು. ಮೂರು ನಿಮಿಷದೊಳಗೆ ಹಾಸಿಗೆಯ ಬಳಿಗೆ ಬರಬಲ್ಲ ವೈದ್ಯರು ಮಾತ್ರ ಎಲ್ಲ ವೇಳೆಯಲ್ಲೂ ಸಿಗುತ್ತಿರಲಿಲ್ಲ.

ಅಮೆರಿಕದ ಫಿಲಡೆಲ್ಫಿಯಾದ ಪ್ರೆಸ್ಬಿಟೇರಿಯನ್ ಆಸ್ಪತ್ರೆಯ ಲಾರೆನ್ಸ್ ಮೆಲ್ಟ್ಜರ್ ಈ ಗಂಟನ್ನು ಬಿಡಿಸಲು ಹೊರಟರು. ಹೃದಯ ನಿಗಾ ಘಟಕಕ್ಕೆ ದಾದಿಯೇ ಆಧಾರವಾಗಬೇಕೆಂಬುದು ಅವರ ವಾದ. ಸರ್ಕಾರದ ನೆರವಿನಿಂದ 1963ರಲ್ಲಿ ಅಲ್ಲಿ ಆರಂಭವಾದ ಘಟಕದಲ್ಲಿ ದಾದಿಯರ ಹೊಣೆ ಹೊತ್ತವರು ರೋಸ್ ಪಿನ್ನಿಯೋ. ಅದುವರೆಗೆ ಇ.ಸಿ.ಜಿ.ಯ ಗೆರೆ ಓದುವುದು ವೈದ್ಯರ ವಿದ್ಯೆ ಎನಿಸಿತ್ತು. ವಿದ್ಯುತ್ ಆಘಾತ ಕೊಡುವುದಂತೂ ಅವರದೇ ಅಧಿಕಾರ. ಇವೆರಡನ್ನೂ ದಾದಿ ಕಲಿಯಬೇಕಾಯಿತು. ಸಹಜ ಲಯ ಯಾವುದು, ಅಕಾಲದಲ್ಲಿ ಬಂದ ಮಿಡಿತ ಯಾವುದು, ತಂತಿ ಸಡಿಲವಾಗಿ ಗೆರೆ ಕುಣಿಯುತ್ತಿದೆಯೆ, ಇಲ್ಲ ಹೃದಯವೇ ಅದುರುತ್ತಿದೆಯೆ? ತಪ್ಪಿ ಆಘಾತ ಕೊಟ್ಟರೂ ಕೇಡು, ಕೊಡದೆ ಕುಳಿತರೂ ಕೇಡು. ಈ ಪಾಠಗಳನ್ನೆಲ್ಲ ಸೇರಿಸಿ ಮೆಲ್ಟ್ಜರ್, ಪಿನ್ನಿಯೋ ಮತ್ತು ಕಿಚೆಲ್ 1965ರಲ್ಲಿ ದಾದಿಯರಿಗೆಂದೇ ಒಂದು ಕೈಪಿಡಿ ತಂದರು. ಅದರ ಲೇಖಕರ ಪೈಕಿ ಒಬ್ಬರು ಸ್ವತಃ ದಾದಿ ಎಂಬುದು ಗಮನಿಸಬೇಕಾದ ಮಾತು.

ಫಲ ಬೇಗನೆ ಕಂಡಿತು. ನ್ಯೂಯಾರ್ಕಿನ ಕಿಲಿಪ್ ಮತ್ತು ಕಿಂಬಾಲ್ 250 ರೋಗಿಗಳ ವಿವರವನ್ನು 1967ರಲ್ಲಿ ಪ್ರಕಟಿಸಿದರು. ರಕ್ತದೊತ್ತಡ ಪೂರ್ತಿ ಕುಸಿಯದಿದ್ದ ರೋಗಿಗಳಲ್ಲಿ ಸಾವಿನ ಪ್ರಮಾಣ ಶೇ. 26ರಿಂದ ಶೇ. 7ಕ್ಕೆ ಇಳಿದಿತ್ತು. ತರಬೇತಾದ ದಾದಿಯರಿಗೆ ವೈದ್ಯರನ್ನು ಕಾಯದೆ ಚಿಕಿತ್ಸೆ ಆರಂಭಿಸುವ ಅಧಿಕಾರ ಕೊಟ್ಟದ್ದು ಇದಕ್ಕೆ ಒಂದು ಮುಖ್ಯ ಕಾರಣ. 1969ರಲ್ಲಿ ಅಮೆರಿಕದ ಹೃದ್ರೋಗ ದಾದಿಯರು ತಮ್ಮದೇ ಸಂಘ ಕಟ್ಟಿದರು; ಎರಡು ವರ್ಷದಲ್ಲಿ ಅದು ತೀವ್ರ ನಿಗಾ ದಾದಿಯರೆಲ್ಲರ ಸಂಘವಾಗಿ ಹೆಸರು ಬದಲಿಸಿಕೊಂಡಿತು.

ಪಿನ್ನಿಯೋ ಮುಂದೆ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಶುಶ್ರೂಷಾ ಅಧ್ಯಾಪಕಿಯಾದರು. ಹಾಸಿಗೆಯ ಪಕ್ಕದಿಂದ ಕರಿಹಲಗೆಯ ಕಡೆಗೆ ಹೋಗುವ ಈ ದಾರಿಯಲ್ಲಿ ಒಂದು ತೊಡಕಿದೆ. ವಾರ್ಡು ಬಿಟ್ಟ ಅಧ್ಯಾಪಕಿಯ ಅರಿವು ವರ್ಷ ಕಳೆದಂತೆ ಹಳತಾಗುತ್ತದೆ. ಅಕಾಲದ ಮಿಡಿತ ಕಂಡೊಡನೆ ಔಷಧಿ ಕೊಡಬೇಕೆಂದು ಅರವತ್ತರ ದಶಕದಲ್ಲಿ ಕಲಿಸುತ್ತಿದ್ದರು. ಅದರಿಂದ ಲಾಭಕ್ಕಿಂತ ಅಪಾಯವೇ ಹೆಚ್ಚಿರಬಹುದೆಂದು ತಿಳಿದು ಆ ಪದ್ಧತಿಯನ್ನು ಆಮೇಲೆ ಕೈಬಿಡಲಾಯಿತು. ಹಳೆಯ ಟಿಪ್ಪಣಿಯನ್ನೇ ಓದಿಸುತ್ತ ಕುಳಿತ ಗುರುವಿನಿಂದ ಶಿಷ್ಯೆಗೂ ಕೆಡುಕು, ರೋಗಿಗೂ ಕೆಡುಕು. ಅದೇ ರಾಚೆಸ್ಟರಿನಲ್ಲಿ 1972ರಲ್ಲಿ ಡೀನ್ ಆದ ಲೊರೆಟ್ಟಾ ಫೋರ್ಡ್ ಇದಕ್ಕೆ ದಾರಿ ಹುಡುಕಿದರು: ಪಾಠ ಹೇಳುವವರು ರೋಗಿಯ ಆರೈಕೆಯನ್ನೂ ಮಾಡಬೇಕು, ಕಾಲೇಜು ಮತ್ತು ಆಸ್ಪತ್ರೆ ಬೇರೆ ಬೇರೆ ಆಗಬಾರದು.

ಆರೈಕೆಯಲ್ಲಿ ಅಷ್ಟೊಂದು ಕಲಿಯುವಂಥದ್ದು ಏನಿದೆ? ಇದಕ್ಕೆ ಉತ್ತರ ಕೊಟ್ಟವರು ಕ್ಯಾಲಿಫೋರ್ನಿಯಾದ ಪೆಟ್ರೀಷಿಯಾ ಬೆನ್ನರ್. ವಿಮಾನ ಚಾಲಕರು ಮತ್ತು ಚದುರಂಗದ ಆಟಗಾರರು ನುರಿಯುವ ಬಗೆಯನ್ನು ಡ್ರೈಫಸ್ ಸೋದರರು ಅಧ್ಯಯನ ಮಾಡಿದ್ದರು. ಬೆನ್ನರ್ ಅದೇ ಅಳತೆಯಲ್ಲಿ ದಾದಿಯರ ಅನುಭವಗಳನ್ನು ಸಂಗ್ರಹಿಸಿ ನೋಡಿ, 1984ರ ತಮ್ಮ ಪುಸ್ತಕದಲ್ಲಿ ಐದು ಮೆಟ್ಟಿಲುಗಳನ್ನು ಗುರುತಿಸಿದರು. ಹೊಸಬಳು ನಿಯಮ ನೋಡಿ ನಡೆಯುತ್ತಾಳೆ. ಅಂಕಿ ಏರಿದರೆ ಗಾಬರಿ, ಇಳಿದರೆ ಗಾಬರಿ. ನುರಿತವಳು ರೋಗಿಯ ಮುಖದ ಬಣ್ಣ, ಚಡಪಡಿಕೆ, ಉಸಿರು ಇವನ್ನೆಲ್ಲ ಒಟ್ಟಿಗೆ ಕಂಡು, ಯಂತ್ರ ಕೂಗುವ ಮೊದಲೇ ಎಚ್ಚರಾಗುತ್ತಾಳೆ. ಮೊದಲಿನದನ್ನು ತರಗತಿಯಲ್ಲಿ ಹೇಳಿಕೊಡಬಹುದು. ಎರಡನೆಯದು ನುರಿತವರ ಜೊತೆ ನಿಂತು ಕಲಿಯಬೇಕಾದ ವಿದ್ಯೆ.

ನಮ್ಮ ದೇಶದಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತು ಕಳೆದ ದಶಕದಲ್ಲಿ ತೀವ್ರ ನಿಗಾ ವಿಭಾಗದ ದಾದಿಯರಿಗಾಗಿ ಎರಡು ವರ್ಷದ ಸ್ನಾತಕೋತ್ತರ ಶಿಕ್ಷಣ ರೂಪಿಸಿತು. ಅದರ ಹೆಚ್ಚಿನ ಸಮಯ ರೋಗಿಗಳ ನಡುವೆಯೇ ಕಳೆಯುತ್ತದೆ. ಲಿಖಿತ ಸೂಚನೆಗಳಿಗೆ ಒಳಪಟ್ಟು ಚಿಕಿತ್ಸೆ ಕೊಡುವುದನ್ನೂ ಅದು ಕಲಿಸುತ್ತದೆ. ಆದರೆ ಕಲಿತ ದಾದಿಗೆ ಆಸ್ಪತ್ರೆ ಆ ಅಧಿಕಾರವನ್ನು ಕೊಡದಿದ್ದರೆ ಆ ವಿದ್ಯೆಯಿಂದ ರೋಗಿಗೇನು ಪ್ರಯೋಜನ? ಫಿಲಡೆಲ್ಫಿಯಾದಲ್ಲಿ ಪಾಠ ಮತ್ತು ಅಧಿಕಾರ ಎರಡೂ ಒಟ್ಟಿಗೆ ಬಂದಿದ್ದವು. ಹೃದಯ ನಿಂತ ರೋಗಿಗೆ ಇಂದಿಗೂ ಇರುವುದು ಅವೇ ಮೂರು ನಾಲ್ಕು ನಿಮಿಷ.