ಬಡಗಣ ಗುಡ್ಡಗಳಲ್ಲಿ ಸಂಸಾರಸಮೇತ ಪ್ರವಾಸ

ರಜಾಕಾಲವು ಸಮೀಪಿಸಿತೆಂದರೆ ಪಟ್ಟಣವಾಸಿಗಳ ಮನೆಗಳಲ್ಲಿ ಒಂದು ಚರ್ಚೆ ಆರಂಭವಾಗುವುದುಂಟು. ಯಜಮಾನರಿಗೆ ವಿಶ್ರಾಂತಿ ಬೇಕು. ಮಕ್ಕಳಿಗೆ ಹತ್ತುವುದಕ್ಕೆ ಬಂಡೆಯೂ ಆಡುವುದಕ್ಕೆ ನೀರೂ ಬೇಕು. ಮನೆಯ ಹಿರಿಯರಿಗೆ ದೇವರ ದರ್ಶನವಾಗಬೇಕು. ಗೃಹಿಣಿಯು ಬಾಯಿಬಿಟ್ಟು ಹೇಳದಿದ್ದರೂ, ಆಕೆಗೆ ನಾಲ್ಕು ದಿನ ಒಲೆಯ ಮುಂದಿನಿಂದ ಬಿಡುಗಡೆ ದೊರೆಯಬೇಕು. ಇವೆಲ್ಲವೂ ಒಂದೇ ಯಾತ್ರೆಯಲ್ಲಿ ಕೈಗೂಡುವುದು ಕಷ್ಟವೆಂದು ಭಾವಿಸಿ, ಕೆಲವರು ಹಿಮಾಲಯದ ಮಾತನ್ನಾಡುತ್ತ ವೆಚ್ಚದ ಲೆಕ್ಕಹಾಕಿ ಮನೆಯಲ್ಲಿಯೇ ಉಳಿದುಬಿಡುತ್ತಾರೆ. ಅಂಥವರ ಉಪಯೋಗಕ್ಕಾಗಿ ನಮ್ಮ ನಾಡಿನ ಬಡಗಣ ಭಾಗದ ಒಂದು ಗುಡ್ಡಗಾಡನ್ನು ಈ ಭಾಷಣದಲ್ಲಿ ಪರಿಚಯಮಾಡಿಕೊಡಲು ಯತ್ನಿಸುತ್ತೇವೆ. ಅದು ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ ಮತ್ತು ರಾಮದುರ್ಗಗಳ ಪ್ರದೇಶ.

ಮಲೆನಾಡಿನ ಹಸುರನ್ನು ಕಂಡು ಬೆಳೆದವರು ಈ ಗುಡ್ಡಗಳನ್ನು ಮೊದಲು ನೋಡಿದಾಗ ನಿರಾಶರಾಗಬಹುದು. ಇಲ್ಲಿ ದಟ್ಟವಾದ ಕಾಡಿಲ್ಲ. ಬೋರೆ, ಜಾಲಿ, ಕುರುಚಲು ಪೊದೆಗಳ ನಡುವೆ ಕೆಂಪು ಬಂಡೆಗಳು ಗೋಡೆ ಕಟ್ಟಿದಂತೆ ಎದ್ದು ನಿಂತಿವೆ. ತಪ್ಪಲಿನಲ್ಲಿ ಎರೆಭೂಮಿಯು ಕಣ್ಣು ಹೋಗುವವರೆಗೂ ಹರಡಿದೆ. ಆದರೆ ಈ ಬಂಡೆಗಳ ವಯಸ್ಸನ್ನು ತಿಳಿದವರಿಗೆ ನಿರಾಶೆಯು ನಿಲ್ಲಲಾರದು. ಸವದತ್ತಿಯಿಂದ ರಾಮದುರ್ಗದತ್ತ ಸಾಗುವ ಗುಡ್ಡಸಾಲುಗಳು ಮರಳುಗಲ್ಲಿನವು. ಬಾಗಲಕೋಟೆ ಜಿಲ್ಲೆಯ ಕಲಾದಗಿಯ ಹೆಸರಿನಿಂದ ಭೂಗರ್ಭಶಾಸ್ತ್ರಜ್ಞರು ಈ ಶಿಲಾಸಮೂಹವನ್ನು ಕರೆಯುತ್ತಾರೆ. ನೂರು ಕೋಟಿ ವರ್ಷಗಳಿಗೂ ಹಿಂದೆ ನೀರಿನ ತಳದಲ್ಲಿ ಸೇರಿದ ಮರಳು ಗಟ್ಟಿಗೊಂಡು ಈ ಕಲ್ಲಾಯಿತು. ಬೆಳಗಾವಿಯ ಸುತ್ತಲಿನ ಕಪ್ಪುಕಲ್ಲು ಜ್ವಾಲಾಮುಖಿಯಿಂದ ಹೊರಬಿದ್ದುದಾದರೋ ಸುಮಾರು 6.6 ಕೋಟಿ ವರ್ಷಗಳ ಹಿಂದೆ; ಅಂದರೆ ಇದರ ಮುಂದೆ ಅದು ಕೂಸು. ಕೆಲವು ಹಾಸುಗಲ್ಲುಗಳ ಮೈಮೇಲೆ, ಹೊಳೆಯ ದಡದ ಮರಳಿನಲ್ಲಿ ಕಾಣುವಂಥ ಸಣ್ಣ ಅಲೆಗಳ ಗೆರೆಗಳು ಹಾಗೆಯೇ ಉಳಿದಿರುವುದುಂಟು. ಹತ್ತು ವರ್ಷದ ಹುಡುಗನು ಅದರ ಮೇಲೆ ಬೆರಳಾಡಿಸಿ ನೋಡಿದರೆ, ಪಾಠದ ಪುಸ್ತಕವು ಅವನಿಗೆ ಆ ವಿಷಯವನ್ನು ಮತ್ತೊಮ್ಮೆ ಹೇಳಬೇಕಾದುದಿಲ್ಲ.

ಯಾವ ಕಾಲದಲ್ಲಿ ಹೋಗಬೇಕೆಂಬುದು ಮೊದಲನೆಯ ವಿಚಾರ. ಬೇಸಗೆಯ ದೊಡ್ಡ ರಜೆಯಲ್ಲಿ ಇಲ್ಲಿಗೆ ಮಕ್ಕಳನ್ನು ಕರೆತರುವುದು ಸರಿಯಲ್ಲ; ಕಲ್ಲು ಕಾಯ್ದು, ಮಧ್ಯಾಹ್ನದಲ್ಲಿ ನೆರಳೇ ಸಿಕ್ಕದು. ಮಳೆಯು ಹಿಂದೆಗೆದ ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಹವೆಯು ಹಿತವಾಗಿರುತ್ತದೆ. ದಸರೆಯ ರಜೆಯಲ್ಲಿ ಹೋದವರಿಗೆ ಕೊಳ್ಳಗಳಲ್ಲಿ ನೀರು ಹರಿಯುತ್ತಿರುವುದು ಕಾಣುತ್ತದೆ. ಡಿಸೆಂಬರ್ ಜನವರಿಗಳಲ್ಲಿ ಹೋದವರಿಗೆ ಹೊಲಗಳಲ್ಲಿ ಬಿಳಿಜೋಳ ನಿಂತಿರುವುದು ಕಾಣುತ್ತದೆ. ಎಳ್ಳ ಅಮಾವಾಸ್ಯೆಯಂದು ರೈತರ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವ ಸಂಭ್ರಮವನ್ನೂ ನೋಡಬಹುದು. ಇಳಿಯುವುದಕ್ಕೆ ಅನುಕೂಲವಾದ ದೊಡ್ಡ ರೈಲುನಿಲ್ದಾಣವು ಧಾರವಾಡ. ಅಲ್ಲಿಂದ ಮುಂದೆ ಬಸ್ಸಿನಲ್ಲಾಗಲಿ ಬಾಡಿಗೆಯ ವಾಹನದಲ್ಲಾಗಲಿ ಹೋಗಬೇಕು. ಒಂದು ಊರಿಂದ ಮತ್ತೊಂದಕ್ಕೆ ಪಯಣವು ದೀರ್ಘವಲ್ಲವಾದುದರಿಂದ ಚಿಕ್ಕ ಮಕ್ಕಳಿಗೂ ಮುದುಕರಿಗೂ ಆಯಾಸವಾಗದು. ನಾಲ್ಕು ದಿನಗಳು ಸಾಕು, ಐದಾದರೆ ಉತ್ತಮ.

ಮೊದಲನೆಯ ದಿನ ಕಿತ್ತೂರು. ಕೋಟೆಯೊಳಗೆ ಪಾಳುಬಿದ್ದ ಅರಮನೆಯ ಗೋಡೆಗಳಿವೆ, ಪಕ್ಕದಲ್ಲಿ ವಸ್ತುಸಂಗ್ರಹಾಲಯವಿದೆ. ಧ್ರುವನಕ್ಷತ್ರವನ್ನು ನೋಡುವುದಕ್ಕಾಗಿ ಅರಮನೆಯ ಗೋಡೆಯಲ್ಲಿ ಇರಿಸಿದ ಕೊಳವೆಯನ್ನು ಮಕ್ಕಳಿಗೆ ತಪ್ಪದೆ ತೋರಿಸತಕ್ಕದ್ದು. ಆದರೆ ಕಥೆಯನ್ನು ತಿಳಿಯದೆ ನೋಡಿದರೆ ಪಾಳುಗೋಡೆಯು ಬರಿಯ ಮಣ್ಣು ಕಲ್ಲು. 1824ರಲ್ಲಿ ಕಿತ್ತೂರಿನ ದೇಸಾಯರು ತೀರಿಕೊಂಡಾಗ ದತ್ತಕವನ್ನು ಒಪ್ಪಲು ಧಾರವಾಡದ ಕಲೆಕ್ಟರ್ ಥ್ಯಾಕರೆಯು ನಿರಾಕರಿಸಿದನು. ರಾಣಿ ಚೆನ್ನಮ್ಮನು ತಲೆಬಾಗಲಿಲ್ಲ. ಅಕ್ಟೋಬರ್ 23ರಂದು ನಡೆದ ಕಾಳಗದಲ್ಲಿ ಥ್ಯಾಕರೆಯು ಮಡಿದನು. ಡಿಸೆಂಬರಿನಲ್ಲಿ ಕಂಪೆನಿಯ ಸೈನ್ಯವು ಹೆಚ್ಚಿನ ಬಲದೊಡನೆ ಮರಳಿ ಬಂದಿತು, ಕೋಟೆ ಬಿದ್ದಿತು. ಇದಿಷ್ಟನ್ನು ಹಿಂದಿನ ರಾತ್ರಿಯೇ ಮಕ್ಕಳಿಗೆ ಹೇಳಿಟ್ಟರೆ, ಮರುದಿನ ಅವರೇ ಹೆಬ್ಬಾಗಿಲು ಎಲ್ಲಿತ್ತು, ಸೈನ್ಯ ಎತ್ತಣಿಂದ ಬಂದಿತು ಎಂದು ಹುಡುಕುತ್ತಾರೆ.

ಎರಡನೆಯ ದಿನ ಬೈಲಹೊಂಗಲ. ಸೆರೆಯಾದ ಚೆನ್ನಮ್ಮನನ್ನು ಇಟ್ಟದ್ದು ಇಲ್ಲಿ. 1829ರ ಫೆಬ್ರವರಿಯಲ್ಲಿ ಆಕೆ ತೀರಿಕೊಂಡದ್ದೂ ಇಲ್ಲಿಯೆ. ಆಕೆಯ ಸಮಾಧಿಯು ಊರಿನಲ್ಲಿದೆ. ಇದೇ ಸೀಮೆಯ ಸಂಗೊಳ್ಳಿಯ ರಾಯಣ್ಣನು ಹೋರಾಟವನ್ನು ಮುಂದುವರಿಸಿ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು. ಸಮಾಧಿಯ ದರ್ಶನಕ್ಕೆ ಬೆಳಗಿನ ಹೊತ್ತು ಸಾಕು. ಉಳಿದ ಹೊತ್ತನ್ನು ಸೊಗಲಕ್ಕೆ ಮೀಸಲಿಡಬೇಕು. ಗುಡ್ಡಗಳ ಸಂದಿನಲ್ಲಿ ನೀರು ಬಂಡೆಯಿಂದ ಧುಮುಕುತ್ತದೆ. ಹತ್ತಿರದಲ್ಲಿಯೇ ಸೋಮೇಶ್ವರನ ಗುಡಿಯಿದೆ. ಚಾಲುಕ್ಯ ತೈಲಪನ ಕಾಲದ, ಕ್ರಿ. ಶ. 980ರ ಶಾಸನವು ಸೊಗಲದಲ್ಲಿ ದೊರೆತಿದೆ. ಸಾವಿರ ವರ್ಷಗಳಿಂದ ಜನರು ಈ ನೀರಿನ ಬಳಿಗೆ ಬರುತ್ತಿದ್ದಾರೆಂದು ಇದರಿಂದ ಊಹಿಸಬಹುದು. ಹಿರಿಯರು ಗುಡಿಯಲ್ಲಿ ಕುಳಿತಿರುವಾಗ ಮಕ್ಕಳು ನೀರಿನ ಅಂಚಿನಲ್ಲಿ ಆಡಬಹುದು. ಎರಡು ಬಯಕೆಗಳೂ ಒಂದೇ ಸ್ಥಳದಲ್ಲಿ ಈಡೇರುವುದು ಈ ನಾಡಿನ ವಿಶೇಷ. ಒಣಗುಡ್ಡಗಳ ಸೀಮೆಯಲ್ಲಿ ನೀರು ಎಲ್ಲಿ ಉಂಟೋ ಅಲ್ಲಿ ದೇವರು ಉಂಟು.

ಮೂರನೆಯ ದಿನ ಸವದತ್ತಿ. ಇದರ ಹಳೆಯ ಹೆಸರು ಸುಗಂಧವರ್ತಿ. ರಟ್ಟರು ಬೆಳಗಾವಿಗೆ ಹೋಗುವ ಮುನ್ನ ಅವರ ರಾಜಧಾನಿಯಾಗಿತ್ತು. ಊರಲ್ಲಿ ದೇಸಾಯರ ಕಾಲದ ಕೋಟೆಯಿದೆ. ಊರ ಹೊರಗಿನ ಗುಡ್ಡದ ಮೇಲೆ ಪರಸಗಡದ ಕೋಟೆಯಿದೆ. ಕಾಲಲ್ಲಿ ಶಕ್ತಿಯುಳ್ಳ ಹುಡುಗರು ಬೆಳಗ್ಗೆ ಬಿಸಿಲೇರುವ ಮುನ್ನ ಪರಸಗಡವನ್ನು ಹತ್ತಲಿ. ಮುಂದೆ ಕೆಲವು ಕಿಲೋಮೀಟರುಗಳಲ್ಲಿ ಎಲ್ಲಮ್ಮನ ಗುಡ್ಡ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಇಲ್ಲಿ ಲಕ್ಷಗಟ್ಟಲೆ ಜನ ನೆರೆಯುತ್ತಾರೆ. ಭಂಡಾರದ ಹಳದಿಯೂ ಉಧೋ ಎಂಬ ಘೋಷವೂ ಗುಡ್ಡವನ್ನು ತುಂಬುತ್ತವೆ. ಜಾತ್ರೆಯನ್ನು ನೋಡಬಯಸುವವರು ಆಗ ಹೋಗಲಿ. ಕೈಮಕ್ಕಳೊಡನೆ ಹೋಗುವವರು ಹುಣ್ಣಿಮೆಯನ್ನೂ ಮಂಗಳವಾರ ಶುಕ್ರವಾರಗಳನ್ನೂ ತಪ್ಪಿಸಿಕೊಳ್ಳುವುದು ಮೇಲು. ಈ ದೇವಿಯ ಹೆಸರಿನಲ್ಲಿ ಬಡವರ ಹೆಣ್ಣುಮಕ್ಕಳನ್ನು ಮುತ್ತುಕಟ್ಟಿ ಬಿಡುತ್ತಿದ್ದ ಕ್ರೂರ ಪದ್ಧತಿಯನ್ನು 1982ರ ಕಾನೂನು ನಿಷೇಧಿಸಿದೆ. ಪ್ರಾಯಕ್ಕೆ ಬಂದ ಮಕ್ಕಳಿಗೆ ಈ ವಿಷಯವನ್ನು ಮುಚ್ಚಿಡಬೇಕೆಂದು ನಮಗೆ ತೋರುವುದಿಲ್ಲ. ಭಕ್ತಿಯನ್ನೂ ಅದರ ನೆರಳಿನಲ್ಲಿ ನಡೆದ ಅನ್ಯಾಯವನ್ನೂ ಬೇರ್ಪಡಿಸಿ ಕಾಣುವ ವಿವೇಕವು ಅವರಿಗೆ ಬರಬೇಕು.

ಈ ಪ್ರವಾಸದಲ್ಲಿ ನಾವು ಎಲ್ಲಕ್ಕೂ ಮಿಗಿಲಾಗಿ ಎಣಿಸುವ ಸ್ಥಳವು ಸವದತ್ತಿಗೂ ಮುನವಳ್ಳಿಗೂ ನಡುವಣ ನವಿಲುತೀರ್ಥ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ಬಯಲಿನಲ್ಲಿ ಹರಿದುಬಂದು ಇಲ್ಲಿ ಮರಳುಗಲ್ಲಿನ ಗುಡ್ಡಕ್ಕೆ ಎದುರಾಗುತ್ತದೆ. ಬಳಸಿಕೊಂಡು ಹೋಗುವ ಬದಲು ಗುಡ್ಡವನ್ನೇ ಸೀಳಿಕೊಂಡು ಹೋಗಿದೆ. ಇದೇಕೆ? ಗುಡ್ಡದ ಮೇಲಿನ ನವಿಲೊಂದು ನದಿಯನ್ನು ಹಂಗಿಸಿತೆಂದೂ, ರೋಷಗೊಂಡ ನದಿಯು ಗುಡ್ಡವನ್ನು ಒಡೆಯಿತೆಂದೂ ಜನರು ಹೇಳುತ್ತಾರೆ. ಶಾಸ್ತ್ರಜ್ಞರು ಇಂಥ ಕಮರಿಗಳನ್ನು ವಿವರಿಸುವ ಬಗೆ ಬೇರೆ. ನದಿಯು ಬಹು ಹಿಂದೆ ಈಗಿನದಕ್ಕಿಂತ ಎತ್ತರವಾದ ನೆಲದ ಮೇಲೆ ಹರಿಯುತ್ತಿತ್ತು. ಆಗ ಗುಡ್ಡದ ನೆತ್ತಿಯು ಆ ನೆಲದೊಳಗೆ ಹುದುಗಿತ್ತು. ಮೆದುವಾದ ನೆಲವು ಎರಡು ಕಡೆಗಳಲ್ಲಿಯೂ ಸವೆದು ಇಳಿದಂತೆ ನದಿಯೂ ಇಳಿಯಿತು. ತಾನು ಹಿಡಿದ ದಾರಿಯನ್ನು ಬಿಡಲಾರದೆ, ಕೆಳಗೆ ಸಿಕ್ಕ ಗಟ್ಟಿಕಲ್ಲನ್ನು ಮರಳು ಹರಳುಗಳಿಂದ ಗರಗಸದಂತೆ ಕೊಯ್ದಿತು. ಜನರ ಕಥೆಯಲ್ಲಿ ಒಂದು ಕ್ಷಣದಲ್ಲಿ ಆದುದು ಶಾಸ್ತ್ರದಲ್ಲಿ ಲಕ್ಷಾಂತರ ವರ್ಷಗಳಲ್ಲಿ ಆಯಿತು. ನದಿಯು ಸೋಲಲಿಲ್ಲವೆಂಬ ಮಾತು ಎರಡರಲ್ಲಿಯೂ ಒಂದೆ.

ಈ ಕಮರಿಯ ಇಕ್ಕಟ್ಟೇ ಮುಂದೆ ನಾಡಿನ ಉಪಯೋಗಕ್ಕೆ ಬಂದಿತು. 1970ರ ದಶಕದ ಆರಂಭದಲ್ಲಿ ಇಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿನ ಉದ್ದ ಸುಮಾರು 154 ಮೀಟರು, ಎತ್ತರ ಸುಮಾರು 40 ಮೀಟರು. ಇಷ್ಟು ಚಿಕ್ಕ ಗೋಡೆಯು 37 ಟಿ. ಎಂ. ಸಿ. ಅಡಿಗೂ ಮಿಕ್ಕ ನೀರನ್ನು ತಡೆದು ನಿಲ್ಲಿಸುತ್ತದೆ. ಹಿಂದೆ ಕಾಣುವ ವಿಶಾಲವಾದ ರೇಣುಕಾಸಾಗರವನ್ನೂ ಮುಂದಿನ ಕಿರಿದಾದ ಗೋಡೆಯನ್ನೂ ಒಟ್ಟಿಗೆ ನೋಡಿದರೆ, ಗೋಡೆಯ ಮುಕ್ಕಾಲು ಪಾಲು ಕೆಲಸವನ್ನು ಗುಡ್ಡಗಳೇ ಮಾಡಿವೆಯೆಂಬುದು ಯಾರಿಗಾದರೂ ತಿಳಿದೀತು. ಹುಬ್ಬಳ್ಳಿ-ಧಾರವಾಡಗಳು ಕುಡಿಯುವುದು ಈ ನೀರನ್ನು. ಈ ಜಲಾಶಯದ ತಳದಲ್ಲಿ ಹಲವು ಹಳ್ಳಿಗಳ ಹೊಲಮನೆಗಳು ಇವೆಯೆಂಬುದನ್ನೂ ನೋಡುವವರು ನೆನೆಯಬೇಕು.

ನಾಲ್ಕನೆಯ ದಿನ ರಾಮದುರ್ಗ. ಭಾವೆ ಮನೆತನದ ಈ ಚಿಕ್ಕ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಇಲ್ಲಿಂದ ಸುರೇಬಾನದ ಬಳಿಯ ಶಬರಿಕೊಳ್ಳಕ್ಕೆ ಹೋಗಬೇಕು. ಬಂಡೆಗಳ ನಡುವೆ ತಂಪಾದ ನೀರಿನ ಎಡೆ. ಶಬರಿಯು ಶ್ರೀರಾಮನಿಗೆ ಬೋರೆಹಣ್ಣು ಕೊಟ್ಟುದು ಇಲ್ಲಿಯೇ ಎಂದು ಸ್ಥಳದವರ ನಂಬಿಕೆ. ಕಥೆಯನ್ನು ಹೇಳುವುದಕ್ಕೂ ಬುತ್ತಿ ಬಿಚ್ಚುವುದಕ್ಕೂ ಇದಕ್ಕಿಂತ ಒಳ್ಳೆಯ ಸ್ಥಳವಿಲ್ಲ. ಬಿಡುವುಳ್ಳವರು ಗೊಡಚಿಯ ವೀರಭದ್ರನನ್ನೂ ತೊರಗಲ್ಲಿನ ಕೋಟೆಯನ್ನೂ ನೋಡಿ ಬರಬಹುದು.

ಇನ್ನು ಕೆಲವು ಎಚ್ಚರಿಕೆಗಳು. ಕುಡಿಯುವ ನೀರನ್ನು ಜೊತೆಯಲ್ಲಿ ಒಯ್ಯಬೇಕು. ಬಂಡೆಗೂಡುಗಳಲ್ಲಿ ಹೆಜ್ಜೇನು ಕಟ್ಟಿದ್ದರೆ ಅದರ ಕೆಳಗೆ ಹೊಗೆ ಹಾಕಕೂಡದು. ಅಣೆಕಟ್ಟಿನ ಕೆಳಗಣ ಪಾತ್ರದಲ್ಲಿ ಮಕ್ಕಳನ್ನು ಇಳಿಸಲೇಕೂಡದು. ಆಕಾಶವು ಶುಭ್ರವಾಗಿದ್ದರೂ ಮೇಲಣ ನೀರನ್ನು ಬಿಟ್ಟಾಗ ಹೊಳೆಯು ಏರುತ್ತದೆ. 2019ರ ಆಗಸ್ಟಿನಲ್ಲಿ ಇದೇ ಮಲಪ್ರಭೆಯ ಪ್ರವಾಹವು ರಾಮದುರ್ಗದ ಮನೆಗಳಿಗೆ ನುಗ್ಗಿತು. ಗುಡ್ಡವನ್ನು ಕೊಯ್ದ ನದಿಗೆ ಮನುಷ್ಯನ ಕಾಲು ಎಷ್ಟರದು?

ಕೊನೆಯದಾಗಿ ಊಟದ ಮಾತು. ಪ್ರವಾಸಕ್ಕೆ ಹೋದಾಗಲೂ ಪಾತ್ರೆ, ಒಲೆ, ಅಕ್ಕಿಬೇಳೆಗಳ ಗಂಟನ್ನು ಕಟ್ಟಿಸಿ, ಗೃಹಿಣಿಯಿಂದಲೇ ಅಡುಗೆ ಮಾಡಿಸುವ ರೂಢಿಯುಂಟು. ಅದು ಉಳಿದವರಿಗೆ ರಜೆ, ಆಕೆಗೆ ಊರು ಬದಲಾದ ದುಡಿಮೆ. ಈ ಊರುಗಳ ಖಾನಾವಳಿಗಳಲ್ಲಿ ಬಿಸಿಯಾದ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾಚಟ್ನಿ, ಗಟ್ಟಿ ಮೊಸರು ದೊರೆಯುತ್ತವೆ. ಅನ್ನವೇ ಬೇಕೆಂಬ ಹಟವನ್ನು ನಾಲ್ಕು ದಿನ ಬಿಟ್ಟರೆ ಗಂಟಿನ ಭಾರವೂ ಇಳಿಯುತ್ತದೆ, ಮನೆಯಾಕೆಯ ಭಾರವೂ ಇಳಿಯುತ್ತದೆ. ಆಕೆಯೂ ಎಲ್ಲರೊಡನೆ ನವಿಲುತೀರ್ಥದ ಮೇಲೆ ನಿಂತು ಸಂಜೆಯ ನೀರನ್ನು ನೋಡುವಂತಾದರೆ, ಆ ಪ್ರವಾಸವನ್ನು ಸಂಸಾರಸಮೇತ ಪ್ರವಾಸವೆಂದು ಕರೆಯಲು ಅಡ್ಡಿಯಿಲ್ಲ.