ಬೆಂಕಿಯ ಎದುರು ನಿಂತ 66 ಮಂದಿ

ಏಪ್ರಿಲ್ 14 ಅಂದ ಕೂಡಲೇ ನಮಗೆ ಅಂಬೇಡ್ಕರ್ ಜಯಂತಿ ನೆನಪಾಗುತ್ತದೆ. ಅದೇ ದಿನ ನಮ್ಮ ದೇಶದಲ್ಲಿ ಅಗ್ನಿಶಾಮಕ ಸೇವಾ ದಿನವೂ ಹೌದು. ಯಾಕೆ ಅಂತ ನನಗೂ ಗೊತ್ತಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ನಮ್ಮ ದೊಡ್ಡಪ್ಪನ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ಊರವರೆಲ್ಲ ಕೊಡ ಹಿಡಿದು ಓಡಿದೆವು. ಕೊನೆಗೆ ತಾಲ್ಲೂಕಿನಿಂದ ಫೈರ್ ಇಂಜಿನ್ ಬಂತು. ಅದರಲ್ಲಿ ಬಂದವರು ಬೆಂಕಿ ಆರಿಸಿ, ಮಜ್ಜಿಗೆ ಕುಡಿದು ಹೊರಟುಹೋದರು. ಅವರ ಹೆಸರೇನು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಆಮೇಲೆ ಸಮಾಜ ಮೇಷ್ಟ್ರು ಹೇಳಿದ್ದು, ನಾನು ಓದಿ ತಿಳಿದದ್ದು ಸೇರಿಸಿ ಇದನ್ನು ಬರೆದಿದ್ದೇನೆ.

ಅದು ಎರಡನೇ ಮಹಾಯುದ್ಧದ ಕಾಲ. ಇಂಗ್ಲೆಂಡಿನಿಂದ ಹೊರಟ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗು ಕರಾಚಿಗೆ ಬಂದು, ಅಲ್ಲಿಂದ 1944ರ ಏಪ್ರಿಲ್ 12ರಂದು ಬೊಂಬಾಯಿಯ ವಿಕ್ಟೋರಿಯಾ ಡಾಕ್ ತಲುಪಿತು. ಅದರಲ್ಲಿ ಸುಮಾರು 1,400 ಟನ್ ಸಿಡಿಮದ್ದು, ಯುದ್ಧವಿಮಾನಗಳು, ಚಿನ್ನದ ಗಟ್ಟಿಗಳು ಇದ್ದವು. ಕರಾಚಿಯಲ್ಲಿ ಸಾವಿರಾರು ಹತ್ತಿ ಬೇಲ್‌ಗಳನ್ನೂ ತುಂಬಿದ್ದರು. ಕೆಳಗೆ ಹತ್ತಿ, ಮೇಲಿನ ಅಂತಸ್ತಿನಲ್ಲಿ ಮದ್ದು! ಹುಲ್ಲಿನ ಮೇಲೆ ಸೀಮೆಎಣ್ಣೆ ಡಬ್ಬ ಇಟ್ಟರೆ ನಮ್ಮಜ್ಜಿ ಸುಮ್ಮನಿರುತ್ತಾಳಾ? ಯುದ್ಧದ ಅವಸರದಲ್ಲಿ ಇದೆಲ್ಲ ನಡೆದುಹೋಯಿತು.

14ರಂದು ಮಧ್ಯಾಹ್ನ 2 ಗಂಟೆ ಹೊತ್ತಿಗೆ ಹೊಗೆ ಕಾಣಿಸಿತು. ಬೊಂಬಾಯಿಯ ಅಗ್ನಿಶಾಮಕ ದಳದವರು ಬಂದು 900 ಟನ್ನಿಗೂ ಹೆಚ್ಚು ನೀರು ಸುರಿದರು. ಆದರೆ ಹತ್ತಿ ಬೇಲನ್ನು ಒತ್ತಿ ಬಿಗಿದು ಕಟ್ಟಿರುತ್ತಾರೆ. ಮೇಲೆ ನೀರು ಹೊಯ್ದರೂ ಒಳಗಿನ ಕೆಂಡ ಸುಲಭಕ್ಕೆ ಆರುವುದಿಲ್ಲ. ಬಣವೆಯಲ್ಲಿ ನಾನೇ ಇದನ್ನು ಕಂಡಿದ್ದೇನೆ. ಹಡಗಿನೊಳಗೆ ಸುರಿದ ನೀರೇ ಕುದಿಯತೊಡಗಿತು. 3 ಗಂಟೆ 50 ನಿಮಿಷಕ್ಕೆ ಹಡಗು ಬಿಟ್ಟು ಹೋಗಲು ಆಜ್ಞೆ ಆಯಿತು. 4 ಗಂಟೆ 6 ನಿಮಿಷಕ್ಕೆ ಹಡಗು ಸಿಡಿಯಿತು. ಸುಮಾರು ಅರ್ಧ ಗಂಟೆಯ ಮೇಲೆ ಇನ್ನೊಂದು ಸ್ಫೋಟ. ದೂರದ ಸಿಮ್ಲಾದ ಭೂಕಂಪ ಮಾಪಕವೂ ಅದನ್ನು ದಾಖಲಿಸಿತು. ಅಗ್ನಿಶಾಮಕ ದಳದ 66 ಮಂದಿ ಸತ್ತರು. ಒಟ್ಟು ಸತ್ತವರು 800ಕ್ಕೂ ಹೆಚ್ಚು.

ಯುದ್ಧಕಾಲವೆಂದು ಸರಕಾರ ಸುದ್ದಿಯನ್ನು ತಡೆಹಿಡಿಯಿತು. ಮರುದಿನವೇ ಜಪಾನಿನವರ ಹಿಡಿತದಲ್ಲಿದ್ದ ಸೈಗಾನ್ ರೇಡಿಯೋ ಸುದ್ದಿ ಹೇಳಿತು. ನಮ್ಮ ವರದಿಗಾರರಿಗೆ ಸುದ್ದಿ ಕಳಿಸಲು ಅನುಮತಿ ಸಿಕ್ಕಿದ್ದು ಮೇ ತಿಂಗಳ ಎರಡನೇ ವಾರದಲ್ಲಿ! ಆ ಚಿನ್ನದ ಗಟ್ಟಿಗಳು ಬಂದರಿನ ಕೆಸರಿನಲ್ಲಿ ಎಷ್ಟೋ ವರ್ಷಗಳ ಬಳಿಕವೂ ಸಿಕ್ಕವು. ಜನ ಚಿನ್ನದ ಕಥೆಯನ್ನೇ ಹೆಚ್ಚು ಹೇಳುತ್ತಾರೆ. ಕೋವಿ ಹಿಡಿದವರ ಹೆಸರು ಪುಸ್ತಕದಲ್ಲಿ ಬರುತ್ತದೆ, ನೀರಿನ ಪೈಪು ಹಿಡಿದವರದು ಬರುವುದಿಲ್ಲ. ಮುಂಬಯಿಯ ಬೈಕುಲಾದಲ್ಲಿ ಅವರ ಸ್ಮಾರಕವಿದೆ. ಅವರ ನೆನಪಿಗೇ ಈ ಏಪ್ರಿಲ್ 14.

ಇತಿಹಾಸ ತಾನಾಗಿ ಉಳಿಯುವುದಿಲ್ಲ. ಹೆಸರು, ದಿನ, ಜಾಗ ಬರೆದಿಟ್ಟರೆ ಮಾತ್ರ ಉಳಿಯುತ್ತದೆ. ಮೊನ್ನೆ ತಾಲ್ಲೂಕಿಗೆ ಹೋದಾಗ ಅಗ್ನಿಶಾಮಕ ಠಾಣೆಗೆ ಹೋಗಿ, ನಮ್ಮ ಬಣವೆ ಆರಿಸಿದವರು ಯಾರು ಅಂತ ಕೇಳಿದೆ. ಒಬ್ಬರಿಗೆ ವರ್ಗವಾಗಿದೆಯಂತೆ. ಉಳಿದ ಮೂವರ ಹೆಸರು ಸಿಕ್ಕಿತು, ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ನಾಲ್ಕನೆಯ ಹೆಸರಿಗೆ ಜಾಗ ಬಿಟ್ಟಿದ್ದೇನೆ.

ನಿಮ್ಮ ಮನೆಯ ಅಜ್ಜಂದಿರು, ಮಾವಂದಿರು ಸೈನ್ಯದಲ್ಲೋ ಅಗ್ನಿಶಾಮಕ ದಳದಲ್ಲೋ ಇದ್ದರೆ ಅವರನ್ನು ಕೇಳಿ, ಬರೆದು ಕೊಡಿ. ಮುಂದಿನ ಸಂಚಿಕೆಯಲ್ಲಿ ಹಾಕೋಣ.

— 9ನೇ ತರಗತಿಯ ವಿದ್ಯಾರ್ಥಿ