ಎಲ್ಲಿ, ಎಲ್ಲಿಗೆ: ಜರ್ಮನ್ ವಿಭಕ್ತಿಯ ತಕರಾರು

ಕನ್ನಡದ 'ಗೆ' ಪ್ರತ್ಯಯವನ್ನು ನಂಬಿಕೊಂಡು ಜರ್ಮನ್ ಪರೀಕ್ಷೆಗೆ ಕೂರಬಾರದು. ಈ ಜ್ಞಾನೋದಯ ನನಗಾದದ್ದು ಬೆಂಗಳೂರಿನ ಒಂದು ಸಂಜೆ ತರಗತಿಯ ಹಿಂದಿನ ಬೆಂಚಿನಲ್ಲಿ. ಜರ್ಮನಿಯ ಆಸ್ಪತ್ರೆಗಳಿಗೆ ಹೊರಟ ನರ್ಸ್‌ಗಳು ಡ್ಯೂಟಿ ಮುಗಿಸಿ ಅಲ್ಲಿಗೆ ಬರುತ್ತಾರೆ. ಬಿ2 ಹಂತ ಅವರ ಗುರಿ, ಅದಕ್ಕಿನ್ನೂ ಅರ್ಧ ದಾರಿ ಬಾಕಿ. ನಾನು ಹೋಗಿದ್ದು ಅವರ ಊರು, ಸಂಬಳ, ಸಾಲದ ಕಥೆ ಕೇಳಲು. ಕೇಳಿಸಿಕೊಂಡು ಬಂದಿದ್ದು ವ್ಯಾಕರಣ.

ಮೇಡಂ ಸೂಜಿಯಿಲ್ಲದ ಸಿರಿಂಜೊಂದನ್ನು ಮೇಜಿನ ಮೇಲಿಡುತ್ತಾ 'ಇಶ್ ಲೇಗೆ ಡೀ ಶ್ಪ್ರಿಟ್ಸೆ ಔಫ್ ಡೇನ್ ಟಿಶ್' ಎಂದರು. ಕೈ ತೆಗೆದು, 'ಡೀ ಶ್ಪ್ರಿಟ್ಸೆ ಲೀಕ್ಟ್ ಔಫ್ ಡೇಮ್ ಟಿಶ್' ಎಂದರು. ಮೇಜು ಅದೇ, 'ಮೇಲೆ' ಎನ್ನುವ 'ಔಫ್' ಕೂಡ ಅದೇ. ಇಡುವಾಗ 'ಡೇನ್', ಇಟ್ಟ ಮೇಲೆ 'ಡೇಮ್'. ಮೊದಲನೆಯದು ಅಕ್ಕುಸಾಟಿವ್, ನಮ್ಮ ದ್ವಿತೀಯಾ. ಎರಡನೆಯದು ಡಾಟಿವ್, ನಮ್ಮ ಚತುರ್ಥೀ.

ಹಾಸನದ ಹುಡುಗಿಯೊಬ್ಬಳು ಕೈ ಎತ್ತಿದಳು. 'ಅಲ್ಲಾಡಿದ್ರೆ ಅಕ್ಕುಸಾಟಿವ್, ಸುಮ್ನಿದ್ರೆ ಡಾಟಿವ್, ಅಷ್ಟೇ ತಾನೆ ಮೇಡಂ?'

'ಪಾರ್ಕಲ್ಲಿ ರೌಂಡ್ ಹೊಡೆಯೋರು ಸುಮ್ನಿರ್ತಾರೇನಮ್ಮ?'

ಪಾರ್ಕಿನೊಳಗೇ ಓಡುತ್ತಿದ್ದರೆ 'ಇಮ್ ಪಾರ್ಕ್', ಅದು ಡಾಟಿವ್. ಹೊರಗಿನಿಂದ ಪಾರ್ಕಿನೊಳಕ್ಕೆ ಓಡಿದರೆ 'ಇನ್ ಡೇನ್ ಪಾರ್ಕ್', ಅದು ಅಕ್ಕುಸಾಟಿವ್. ಬೆವರು ಸುರಿಯಿತೋ ಇಲ್ಲವೋ ಎಂಬುದನ್ನು ಜರ್ಮನ್ ಕೇಳುವುದಿಲ್ಲ. ಇದ್ದ ಜಾಗ ಬದಲಾಯಿತೇ ಎಂದಷ್ಟೇ ಕೇಳುತ್ತದೆ. ಆನ್, ಔಫ್, ಹಿಂಟರ್, ಇನ್, ನೇಬೆನ್, ಯೂಬರ್, ಉಂಟರ್, ಫೋರ್, ಟ್ಸ್ವಿಶೆನ್ ಎಂಬ ಒಂಬತ್ತು ಪ್ರಿಪೊಸಿಷನ್‌ಗಳಿಗೆ 'ಎಲ್ಲಿ' ಎಂದರೆ ಡಾಟಿವ್, 'ಎಲ್ಲಿಗೆ' ಎಂದರೆ ಅಕ್ಕುಸಾಟಿವ್.

ಹುಡುಗಿ ಬಿಡಲಿಲ್ಲ. 'ಪಾರ್ಕಿಗೆ ಅಂದ್ರೆ ಚತುರ್ಥಿ, ಚತುರ್ಥಿ ಅಂದ್ರೆ ಡಾಟಿವ್ ಅಂತ ಹೋದ ವಾರ ನೀವೇ ಹೇಳಿದ್ರಲ್ಲ ಮೇಡಂ?' ತರಗತಿಯೆಲ್ಲ ಹೌದು ಹೌದೆಂದಿತು. 'ಅದಕ್ಕೇ ನೀವೆಲ್ಲ ಇಲ್ಲೇ ಬೀಳೋದು' ಎಂದು ಮೇಡಂ ನಕ್ಕರು. 'ಕಡೆಗೆ' ಎನ್ನುವ 'ಟ್ಸು' ಹಾಕಿ ಹೇಳಿದರೆ ಅದೇ ಪಾರ್ಕಿಗೆ ಡಾಟಿವ್ ಬರುತ್ತದೆ ಎಂದೂ ಸೇರಿಸಿದಾಗ ಒಬ್ಬಳು ಪುಸ್ತಕ ಮುಚ್ಚಿಯೇಬಿಟ್ಟಳು.

ನನಗೆ ಮಾತ್ರ ಹೈಸ್ಕೂಲಿನ ಸಂಸ್ಕೃತ ನೆನಪಾಯಿತು. 'ವನಂ ಗಚ್ಛತಿ' ಎನ್ನುವಾಗ ಹೋಗಿ ಸೇರುವ ಜಾಗ ದ್ವಿತೀಯೆಯಲ್ಲಿದೆ. 'ವನೇ ವಸತಿ' ಎನ್ನುವಾಗ ಇರುವ ಜಾಗ ಸಪ್ತಮಿಯಲ್ಲಿದೆ. ಸಂಸ್ಕೃತದ ದೂರದ ದಾಯಾದಿಯಾದ ಜರ್ಮನ್ ಮೊದಲನೆಯದನ್ನು ಹಾಗೇ ಉಳಿಸಿಕೊಂಡಿದೆ. ಎರಡನೆಯದಕ್ಕೆ ಬೇಕಾದ ಸಪ್ತಮಿ ಅದರ ಬಳಿ ಉಳಿದಿಲ್ಲ. ತೃತೀಯೆ, ಪಂಚಮಿ, ಸಪ್ತಮಿಗಳೆಲ್ಲ ಕಾಲಕ್ರಮದಲ್ಲಿ ಚತುರ್ಥಿಯಲ್ಲಿ ಕರಗಿಹೋದವು. ಮೂರು ಮನೆ ಮುಚ್ಚಿ, ಸಂಸಾರವೆಲ್ಲ ನಾಲ್ಕನೆಯವರ ಜಗಲಿಗೆ ಬಂದು ಕೂತ ಹಾಗೆ. 'ಜೊತೆ' ಎನ್ನುವ 'ಮಿಟ್', 'ಇಂದ' ಎನ್ನುವ 'ಫೋನ್' ಮತ್ತು 'ಔಸ್' ಯಾವಾಗಲೂ ಡಾಟಿವ್ ಬೇಡುವುದು ಇದಕ್ಕೇ. 'ಸಹ' ಬಂದರೆ ತೃತೀಯಾ, 'ನಮಃ' ಬಂದರೆ ಚತುರ್ಥೀ ಎಂದು ಉಪಪದ ವಿಭಕ್ತಿಯನ್ನು ಬಾಯಿಪಾಠ ಮಾಡಿದವರಿಗೆ ಇದು ಹೊಸ ಶಿಕ್ಷೆಯೇನಲ್ಲ.

ಆದರೆ ಇಡೀ ಸಂಜೆಯಲ್ಲಿ ನನ್ನ ಮನಸ್ಸು ಕದ್ದದ್ದು 'ವೇಗೆನ್'. 'ಕಾರಣದಿಂದ' ಎನ್ನುವ ಈ ಪದಕ್ಕೆ ಪುಸ್ತಕ ಷಷ್ಠಿ ಕೇಳುತ್ತದೆ: ಮಳೆಯ ಕಾರಣದಿಂದ, 'ವೇಗೆನ್ ಡೆಸ್ ರೇಗೆನ್ಸ್'. ಬೀದಿಯಲ್ಲಿ ಧಾರಾಳವಾಗಿ ಕೇಳುವುದು ಡಾಟಿವ್: 'ವೇಗೆನ್ ಡೇಮ್ ರೇಗೆನ್'. ಈ ಜಗಳದಿಂದಲೇ ಹೆಸರಾದವರು ಪತ್ರಕರ್ತ ಬಾಸ್ಟಿಯಾನ್ ಜಿಕ್. 'ಶ್ಪೀಗೆಲ್' ಆನ್‌ಲೈನ್‌ನಲ್ಲಿ ಅವರ ಅಂಕಣ ಶುರುವಾದದ್ದು 2003ರಲ್ಲಿ, ಅದು ಪುಸ್ತಕವಾದದ್ದು 2004ರಲ್ಲಿ. ಡಾಟಿವ್ ಷಷ್ಠಿಯನ್ನು ಕೊಲ್ಲುತ್ತಿದೆ ಎನ್ನುವ ಶೀರ್ಷಿಕೆಯಲ್ಲಿ, 'ಷಷ್ಠಿಯ ಸಾವು' ಎನ್ನುವ ಬದಲು 'ಷಷ್ಠಿಗೆ ಅದರ ಸಾವು' ಎಂಬಂಥ ಬೀದಿಮಾತಿನ ಡಾಟಿವನ್ನೇ ಬೇಕೆಂದು ಬಳಸಿದ್ದರು. ಪುಸ್ತಕ ಭರ್ಜರಿಯಾಗಿ ಮಾರಾಟವಾಯಿತು.

ಶೀರ್ಷಿಕೆ ಸೊಗಸು. ಸಾವಿನ ಸುದ್ದಿಯನ್ನು ಮಾತ್ರ ನಾನು ಪೂರ್ತಿ ನಂಬಲಾರೆ. 'ಹೊರತಾಗಿಯೂ' ಎನ್ನುವ 'ಟ್ರೋಟ್ಸ್' ನೋಡಿ. ಅದರ ಹಳೆಯ ಸಂಗಾತಿ ಡಾಟಿವ್. 'ಟ್ರೋಟ್ಸ್‌ಡೇಮ್' ಎಂಬ ಪದದ ಬಾಲದಲ್ಲಿ ಆ 'ಡೇಮ್' ಇಂದಿಗೂ ಅಂಟಿಕೊಂಡಿದೆ. ಈಗ ಶಿಷ್ಟ ಬರಹದಲ್ಲಿ 'ಟ್ರೋಟ್ಸ್' ಷಷ್ಠಿಯ ಕಡೆ ವಾಲಿದೆ. 'ಕೃಪೆಯಿಂದ' ಎನ್ನುವ 'ಡಾಂಕ್' ಹಿಡಿದದ್ದೂ ಇದೇ ದಾರಿ. ಅಂದರೆ ಇಲ್ಲಿ ಷಷ್ಠಿಯೇ ಡಾಟಿವ್‌ನ ಹೊಲ ಒತ್ತುವರಿ ಮಾಡಿದೆ. ಇನ್ನೊಂದು ತಮಾಷೆಯೂ ಉಂಟು. ಸ್ತ್ರೀಲಿಂಗದ ಏಕವಚನದಲ್ಲಿ ಎರಡಕ್ಕೂ ರೂಪ ಒಂದೇ. 'ವೇಗೆನ್ ಡೆರ್ ಆರ್ಬೈಟ್', ಕೆಲಸದ ಕಾರಣದಿಂದ, ಎಂದರೆ ಯಾವ ಪಂಡಿತನೂ ತಪ್ಪು ಹಿಡಿಯಲಾರ. ಷಷ್ಠಿಯ ಗುರುತು ಕಾಣದ ಬಹುವಚನದಲ್ಲಿ ವ್ಯಾಕರಣ ಪುಸ್ತಕವೇ ಡಾಟಿವ್‌ಗೆ ರಹದಾರಿ ಕೊಡುತ್ತದೆ. ನಾವೂ 'ಊರಿನ ಹತ್ತಿರ' ಎನ್ನುತ್ತೇವೆ, 'ಊರಿಗೆ ಹತ್ತಿರ' ಎಂದೂ ಎನ್ನುತ್ತೇವೆ. ಕನ್ನಡದ ಷಷ್ಠಿ ಸತ್ತಿತೆಂದು ಯಾರೂ ಪುಸ್ತಕ ಬರೆದಿಲ್ಲ.

ವಿಭಕ್ತಿಯ ವ್ಯಾಮೋಹ ಎರಡೂ ಕಡೆಯದು. ಜರ್ಮನಿಯಿಂದ ಬಂದ ಫರ್ಡಿನಾಂಡ್ ಕಿಟ್ಟೆಲ್ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು 1872ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. 1894ರಲ್ಲಿ ನಿಘಂಟು ಕೊಟ್ಟರು. ನಮ್ಮ ಏಳು ವಿಭಕ್ತಿಗಳೊಡನೆ ಆಯುಷ್ಯ ಕಳೆದ ಅವರಿಗೆ ಹೋಲಿಸಿದರೆ, ನಾಲ್ಕೇ ವಿಭಕ್ತಿಯ ಮುಂದೆ ನಾವು ಇಷ್ಟು ನರಳುವುದು ಕೊಂಚ ಅತಿಯಾಯಿತು.

ನರಳಿಕೆಗೆ ನಿಜವಾದ ಕಾರಣ ಬೇರೆಯೇ ಇದೆ. ವಿಭಕ್ತಿ ಸರಿಯಾಗಿ ಆರಿಸಿದರೂ ನಾಮಪದದ ಲಿಂಗ ಗೊತ್ತಿಲ್ಲದಿದ್ದರೆ 'ಡೇನ್' ಹಾಕಬೇಕೋ 'ಡೀ' ಹಾಕಬೇಕೋ ತಿಳಿಯದು. ಮೇಜು ಪುಲ್ಲಿಂಗ, ಸಿರಿಂಜ್ ಸ್ತ್ರೀಲಿಂಗ, ಹಾಸಿಗೆ ನಪುಂಸಕ. ಇದಕ್ಕೆ ತರ್ಕ ಹುಡುಕಿ ಫಲವಿಲ್ಲ. 'ಎಲ್ಲಿ, ಎಲ್ಲಿಗೆ' ಸೂತ್ರವೂ ಕೆಲವೆಡೆ ಕೈಕೊಡುತ್ತದೆ: ಡಾಕ್ಟರಿಗಾಗಿ ಕಾಯುವಾಗ ಜಾಗವೇನೂ ಬದಲಾಗದು, ಆದರೂ ಅಲ್ಲಿ 'ಔಫ್' ಅಕ್ಕುಸಾಟಿವ್ ಕೇಳುತ್ತದೆ. ಅಂಥವನ್ನು ಕ್ರಿಯಾಪದದ ಜೊತೆಗೇ ಗಟ್ಟು ಹೊಡೆಯಬೇಕು.

ಹಾಗಾಗಿ ಕಲಿಯುವವರು ಕೋಷ್ಟಕವನ್ನು ಗೋಡೆಗೆ ಅಂಟಿಸುವ ಮೊದಲು ಪ್ರತಿ ನಾಮಪದವನ್ನೂ ಅದರ ಡೆರ್, ಡೀ, ಡಾಸ್ ಸಮೇತ ಕಲಿಯಿರಿ. ಪರೀಕ್ಷೆಯಲ್ಲಿ 'ವೇಗೆನ್' ಬಂದರೆ ಷಷ್ಠಿ ಬರೆಯಿರಿ. ವಾರ್ಡಿನಲ್ಲಿ ಸಹೋದ್ಯೋಗಿಗಳು ಡಾಟಿವ್ ಹಾಕಿ ಮಾತಾಡಿದರೆ ತಿದ್ದಲು ಹೋಗಬೇಡಿ; ಅದು ಅವರದೇ ಭಾಷೆ.